ಬಣ್ಣದ ಮೇಷ್ಟ್ರ ಪ್ಯಾನ್‌ಕೇಕ್

ಇಂಗ್ಲಿಷ್ ಪಾಠ ಮಾಡುತ್ತ ಹದಿನಾರು ವರ್ಷವಾಯಿತು. ಒಂದೇ ಒಂದು ಪದದ ಹಿಂದೆ ಇಷ್ಟು ಹುಚ್ಚು ಹಿಡಿಸಿಕೊಂಡು ಓಡಾಡಿದ ವಿದ್ಯಾರ್ಥಿಯನ್ನು ನಾನು ತರಗತಿಯಲ್ಲಿ ಕಂಡಿಲ್ಲ. ಕಂಡದ್ದು ಗೌರಿಬಿದನೂರಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ, ಕಿರೀಟ, ಕತ್ತಿ, ಜರಿ ಅಂಗಿಗಳು ಸೂರಿನಿಂದ ತೂಗುಬಿದ್ದಿದ್ದ ಒಂದು ಅಂಗಡಿಯಲ್ಲಿ. ವಿದ್ಯಾರ್ಥಿಗೆ ಎಪ್ಪತ್ತೆರಡು ವರ್ಷ. ಪದ, ಪ್ಯಾನ್‌ಕೇಕ್.

ಆ ಅಂಗಡಿಯನ್ನು ಅವರು ಕಳೆದ ತಿಂಗಳು ಮುಚ್ಚಿದರು. ಮೊಣಕಾಲು ಕೇಳುತ್ತಿಲ್ಲ, ಇನ್ನು ಯಾರ ಮುಖಕ್ಕೂ ಬಣ್ಣ ಹಚ್ಚುವುದಿಲ್ಲ ಎಂದುಬಿಟ್ಟರು. ಆ ಸುದ್ದಿ ಕೇಳಿದಾಗಿನಿಂದ ಅವರ ವಿಷಯ ಯಾರಿಗಾದರೂ ಹೇಳಲೇಬೇಕೆಂದು ಚಡಪಡಿಸುತ್ತಿದ್ದೇನೆ. ಮನೆಯಲ್ಲಿ ಹೇಳಿ ಮುಗಿಯಿತು, ಸ್ಟಾಫ್ ರೂಮಿನಲ್ಲೂ ಹೇಳಿ ಮುಗಿಯಿತು. ಈಗ ನಾನು ಬಾಯಿ ತೆರೆದರೆ ಜನ ಎದ್ದು ಹೋಗುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ, ಕಾಗದ ಎದ್ದು ಹೋಗುವುದಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಬರೆದರೂ ಯಾರಿಗೂ ಗುರುತು ಹತ್ತುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಈ ನಾಲ್ಕೂ ತಾಲ್ಲೂಕಿನಲ್ಲಿ ನಾಟಕ ಆಡುವ ಪ್ರತಿ ಊರಿಗೂ ಅವರು ಬಣ್ಣದ ಮೇಷ್ಟ್ರು, ಅಷ್ಟೇ. ಊರವರು ಸೇರಿ ನಾಟಕ ಕಲಿತರೆ ಉಡುಪು ಬಾಡಿಗೆಗೆ ಕೊಡುವವರೂ ಅವರೇ, ಮುಖಕ್ಕೆ ಬಣ್ಣ ಹಚ್ಚುವವರೂ ಅವರೇ. ಉದ್ದನೆಯ ತೆಳು ಮೈ, ಬಿಳಿ ಬನಿಯನ್, ಹೆಗಲ ಮೇಲೊಂದು ಟವೆಲ್. ಎಡಗೈಯ ಮುಂಗೈ ಮಾತ್ರ ಯಾವತ್ತೂ ಬಣ್ಣಬಣ್ಣ. ಯಾವ ಬಣ್ಣವಾದರೂ ಮೊದಲು ತಮ್ಮ ಕೈಮೇಲೆ ಒಂದು ಗೀಟು ಎಳೆದು ನೋಡಿ ಆಮೇಲೆ ಪರರ ಮುಖಕ್ಕೆ. ಊಟದ ಹೊತ್ತಿಗೆ ಕೈ ತೊಳೆದರೂ ಮುಂಗೈ ತೊಳೆಯುತ್ತಿರಲಿಲ್ಲ.

ಪ್ಯಾನ್‌ಕೇಕ್ ಎಂದರೆ ನಾಟಕದವರ ಬಾಯಲ್ಲಿ ತಿನ್ನುವ ವಸ್ತುವಲ್ಲ. ಅಂಗೈಯಗಲದ ಚಪ್ಪಟೆ ಡಬ್ಬಿ, ಅದರೊಳಗೆ ಬಿಲ್ಲೆಯ ಹಾಗೆ ಒತ್ತಿ ಕೂರಿಸಿದ ಒಣ ಬಣ್ಣ. ಒದ್ದೆ ಸ್ಪಂಜನ್ನು ಅದರ ಮೇಲೆ ತಿಕ್ಕಿ ಮುಖಕ್ಕೆ ಬಳಿದರೆ ಅದೇ ತಳಬಣ್ಣ. ಹುಬ್ಬು, ಮೀಸೆ, ನಾಮ, ಕೆನ್ನೆಯ ಕೆಂಪು ಎಲ್ಲ ಅದರ ಮೇಲೆ. ಮೇಷ್ಟ್ರು ಕಸುಬು ಕಲಿತ ಕಾಲದಲ್ಲಿ ಇದಿರಲಿಲ್ಲವಂತೆ. ಬಿಳಿಗೆ ಸಫೇದ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಈ ಪುಡಿಗಳನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಮೆತ್ತಬೇಕು. ಅದನ್ನು ಒರೆಸಿ ತೆಗೆಯುವಾಗ ರಾಜರು, ಮಂತ್ರಿಗಳು ಉರಿ ತಾಳದೆ ಅಳುತ್ತಿದ್ದರಂತೆ. ಮೊದಲನೆಯ ಪ್ಯಾನ್‌ಕೇಕ್ ಡಬ್ಬಿ ಬೆಂಗಳೂರಿನಿಂದ ಬಂದ ದಿನ ಅವರು ಅದನ್ನು ಜೇಬಿನಿಂದ ತೆಗೆದು ಮುಚ್ಚಳ ಬಿಚ್ಚುವುದು, ಮುಚ್ಚುವುದು, ಮತ್ತೆ ಬಿಚ್ಚುವುದು, ಇದೇ ಕೆಲಸ ಮಾಡಿದರಂತೆ. ಅದನ್ನು ಹೇಳುವಾಗಲೂ ಅವರ ಹೆಬ್ಬೆರಳು ಮುಚ್ಚಳ ತಿರುಗಿಸುತ್ತಿತ್ತು.

ಆ ಪದವನ್ನು ಅವರು ದುಡಿಸಿಕೊಂಡ ರೀತಿಯನ್ನು ನಾನು ಹೇಗೆ ಹೇಳಲಿ? ಮಧ್ಯಾಹ್ನ ಮೂರಕ್ಕೆ ಫೋನು ಮಾಡಿ ‘ಪ್ಯಾನ್‌ಕೇಕಿಗೆ ಬನ್ನಿ’ ಎಂದರೆ ಬಣ್ಣಕ್ಕೆ ಕೂರಲು ಬನ್ನಿ ಎಂದು ಅರ್ಥ. ಬೆಣ್ಣೆಯಂತೆ ಮಾತಾಡಿ ಕೆಲಸ ಮಾಡಿಸಿಕೊಳ್ಳುವವನನ್ನು ಕಂಡರೆ, ಅವನ ಮಾತು ಎರಡು ಕೋಟು ಪ್ಯಾನ್‌ಕೇಕು. ದೊಡ್ಡವರು ಬರುತ್ತಾರೆಂದು ಹಿಂದಿನ ದಿನ ತರಾತುರಿಯಲ್ಲಿ ಗುಂಡಿ ಮುಚ್ಚಿದ ರಸ್ತೆ, ಪ್ಯಾನ್‌ಕೇಕ್ ರೋಡು. ಮದುವೆಯಾದ ಹೊಸದರಲ್ಲಿ ಸೊಸೆ, ಅತ್ತೆ ಒಬ್ಬರಿಗೊಬ್ಬರು ನಗುತ್ತ ಬಡಿಸಿಕೊಳ್ಳುತ್ತಿದ್ದರೆ, ಇನ್ನೂ ಪ್ಯಾನ್‌ಕೇಕ್ ಇಳಿದಿಲ್ಲ ಎನ್ನುತ್ತಿದ್ದರು. ಆರು ತಿಂಗಳ ಮೇಲೆ ಆ ಮನೆಯಿಂದ ಪಾತ್ರೆ ಎಸೆದ ಸದ್ದು ಕೇಳಿದರೆ, ಇಳೀತು.

ಮುಖ ಮುಟ್ಟಿದರೆ ಸಾಕು, ಮನುಷ್ಯನ ಕಸುಬು ಹೇಳುತ್ತಿದ್ದರು. ಹೊಲದಲ್ಲಿ ಗೇಯುವವರ ಕತ್ತಿನ ಹಿಂದೆ ಬಿಸಿಲು ಕೂತಿರುತ್ತದೆ, ಅಲ್ಲಿ ಸ್ಪಂಜು ತಡವರಿಸುತ್ತದೆ. ಶಿಡ್ಲಘಟ್ಟದಲ್ಲಿ ಬಿಸಿನೀರಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಯುವವರ ಬೆರಳ ತುದಿ ಸದಾ ನೆನೆದಿರುತ್ತದೆ, ಅಲ್ಲಿ ಬಣ್ಣ ನಿಲ್ಲುವುದೇ ಇಲ್ಲ. ಸಾದಲಿಯ ಒಬ್ಬ ರಾಜನಿಗೆ ಇದಕ್ಕೆಂದೇ ಕೈಗವಸು ಹೊಲಿಸಿ ತೊಡಿಸಿದ್ದರು. ಆಮೇಲೆ ಆ ಸುತ್ತಿನಲ್ಲಿ ಯಾವ ರಾಜನೂ ಬರಿಗೈಯಲ್ಲಿ ರಂಗಕ್ಕೆ ಬರಲು ಒಪ್ಪಲಿಲ್ಲವಂತೆ.

ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದ್ದು ನಮ್ಮ ನಾಟಕದ ನೆಪದಲ್ಲಿ. ತೊಂಡೇಬಾವಿ ಸುತ್ತಿನ ಹನ್ನೊಂದು ಹೆಂಗಸರು ಸೇರಿ ನಾಟಕ ಮಾಡುವುದೆಂದು ಹೊರಟೆವು. ಟೀಚರುಗಳು, ಅಂಗನವಾಡಿಯವರು, ಒಬ್ಬ ಟೈಲರ್, ಹಾಲಿನ ಡೇರಿಯ ಕಾರ್ಯದರ್ಶಿ. ನಮಗೆಲ್ಲ ಹಿರಿಯರು ಹೆಡ್ ಮೇಡಂ, ನಿವೃತ್ತ ಮುಖ್ಯೋಪಾಧ್ಯಾಯಿನಿ. ನಾಟಕ ಬರೆದವರೂ ಅವರೇ, ಗದರಿಸಿ ಕಲಿಸಿದವರೂ ಅವರೇ. ಪಾಳೇಗಾರರ ಕಾಲದ ಕಥೆ. ಕೆರೆಯ ಏರಿ ಬಿರುಕು ಬಿಟ್ಟಾಗ ದೊರೆಯೊಬ್ಬ ತನ್ನ ಕೋಟೆಯ ಕಲ್ಲನ್ನೇ ಕೀಳಿಸಿ, ಜನರ ಜೊತೆ ತಾನೂ ಹೊತ್ತು ಏರಿಗೆ ಹಾಕುತ್ತಾನೆ. ನನ್ನ ಗಂಟಲು ದೊಡ್ಡದಾದ್ದರಿಂದ ನಾನು ದೊರೆ. ಗದರಿಸುವ ಅಭ್ಯಾಸವಿದ್ದದ್ದರಿಂದ ಹೆಡ್ ಮೇಡಂ ದೊರೆಯ ತಾಯಿ.

ಚಿಕ್ಕಬಳ್ಳಾಪುರದಲ್ಲಿ ಒಂದು ಸಭಾಂಗಣ ಗೊತ್ತು ಮಾಡಲು ಹೆಡ್ ಮೇಡಂ, ಮೇಷ್ಟ್ರು, ನಾನು ಮೂವರೂ ಹೋದೆವು. ವಾಪಸಾಗುವಾಗ ಹೆದ್ದಾರಿಯ ಪಕ್ಕದ ಹೊಸ ಹೋಟೆಲಿಗೆ ನುಗ್ಗಿ ನಾನು ಮೆನು ಕಾರ್ಡ್ ಗಟ್ಟಿಯಾಗಿ ಓದುತ್ತಿದ್ದೆ. ಪ್ಯಾನ್‌ಕೇಕ್ ಎಂದೆ. ಮೇಷ್ಟ್ರು ನೀರಿನ ಲೋಟ ಕೆಳಗಿಟ್ಟರು.

‘ತಿನ್ನಾದಾ?’

ತಿನ್ನುವುದೇ ಎಂದೆ. ತರಿಸಲೇಬೇಕೆಂದು ಹಟ ಹಿಡಿದರು. ತಟ್ಟೆಯಲ್ಲಿ ಮೂರು, ಒಂದರ ಮೇಲೊಂದು, ಮೇಲೆ ಜೇನುತುಪ್ಪ, ಒಂದು ಚೂರು ಬೆಣ್ಣೆ. ಮೇಷ್ಟ್ರು ತಿನ್ನಲಿಲ್ಲ. ಮೊದಲು ತೋರುಬೆರಳಿಂದ ಮೇಲ್ಮೈ ಸವರಿದರು, ಮೂಸಿದರು, ಅಭ್ಯಾಸಬಲದಿಂದ ಮುಂಗೈ ಮೇಲೆ ಒಂದು ಗೀಟು ಕೂಡ ಎಳೆದುಕೊಂಡರು. ಹೋಟೆಲಿನ ಹುಡುಗಿ ನೋಡುತ್ತ ನಿಂತಳು. ಹೆಡ್ ಮೇಡಂ ಒಂದು ತುಂಡು ಬಾಯಿಗೆ ಹಾಕಿಕೊಂಡು, ಇದು ನಮ್ಮನೆ ಗೋಧಿಹಿಟ್ಟಿನ ಸಿಹಿದೋಸೆ, ಬೆಲ್ಲ ಕಮ್ಮಿ ಅಷ್ಟೇ ಎಂದು ತೀರ್ಪು ಕೊಟ್ಟರು. ಮೇಷ್ಟ್ರ ಮನೆಮಾತು ತೆಲುಗು, ಅವರ ಮನೆಯಲ್ಲಿ ಇದು ಅಟ್ಟು. ಆದರೆ ಅವರಿಗೆ ಬೇಕಿದ್ದದ್ದು ರುಚಿಯಲ್ಲ. ಯಾವುದು ಮೊದಲು, ತಿನ್ನುವುದೋ ಹಚ್ಚುವುದೋ? ತಿನ್ನುವುದೇ ಮೊದಲು, ಕಾವಲಿ ಮೇಲೆ ಹುಯ್ದ ಚಪ್ಪಟೆ ರೊಟ್ಟಿಯಂಥದ್ದು. ನಿಮ್ಮ ಡಬ್ಬಿಯ ಬಿಲ್ಲೆ ಹಾಗೇ ಚಪ್ಪಟೆಯಾಗಿ ಕೂತಿದೆಯಲ್ಲ, ಅದಕ್ಕೆ ಆ ಹೆಸರು ಅಂಟಿರಬೇಕು ಎಂದೆ. ಮೇಷ್ಟ್ರು ಮೇಜು ಕುಟ್ಟಿ, ‘ಅದೀ ಮಾಟ!’ ಎಂದರು. ಅದಪ್ಪಾ ಮಾತು ಎಂದರ್ಥ, ಖುಷಿಯಾದರೆ ಅವರಿಗೆ ತೆಲುಗೇ ಬರುವುದು. ಅಂದರೆ ನಾವೂ ದೋಸೆ ಹುಯ್ಯೋರೇ, ಕಾವಲಿ ಬೇರೆ ಎಂದು ಗೌರಿಬಿದನೂರು ತಲುಪುವವರೆಗೆ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿದರು.

ಅಲ್ಲಿಂದ ನನಗೆ ಬಿಡುಗಡೆಯಿಲ್ಲ. ಆ ಪದಕ್ಕೆ ಇನ್ನೇನೇನು ಅರ್ಥವಿದೆ ಎಂದು ದಿನಾ ಫೋನು. ನಿಘಂಟು ತೆಗೆದು ನೋಡಿ ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅದನ್ನು ಲ್ಯಾಮಿನೇಟ್ ಮಾಡಿಸಿ ಕಿರೀಟಗಳ ನಡುವೆ ನೇತುಹಾಕಿದರು. ವಿಮಾನವೊಂದು ಇಳಿಯುವಾಗ ಚಕ್ರವೂರದೆ ಹೊಟ್ಟೆಯ ಮೇಲೆ ಪಟ್ಟನೆ ಬಿದ್ದರೆ ಅದೂ ಪ್ಯಾನ್‌ಕೇಕ್ ಎಂದು ಓದಿದಾಗ ಅವರು ಎದ್ದು ನಿಂತರು. ನಲವತ್ತೈದು ವರ್ಷದಿಂದ ಯುದ್ಧದಲ್ಲಿ ಸಾಯುವವರಿಗೆ ಹೇಗೆ ಬೀಳಬೇಕೆಂದು ಹೇಳಿಕೊಡಲು ಪದವಿಲ್ಲದೆ ಒದ್ದಾಡಿದ್ದರಂತೆ. ಮುಂದಿನ ತಾಲೀಮಿನಲ್ಲೇ ನಮ್ಮ ದಂಡನಾಯಕ, ಅಂದರೆ ಟೈಲರ್, ಮೊಣಕಾಲೂರಿ ನಾಜೂಕಾಗಿ ಸತ್ತಾಗ, ಹಂಗಲ್ಲ ಕಣಮ್ಮ, ಪ್ಯಾನ್‌ಕೇಕಾಗು ಎಂದು ಕೂಗಿದರು. ಪಾಪ, ಟೈಲರ್ ಎರಡು ದಿನ ಹೊಲಿಗೆ ಮಿಷನ್ ತುಳಿಯಲಿಲ್ಲ. ಪರದೇಶದಲ್ಲಿ ಉಪವಾಸ ಹಿಡಿಯುವ ಹಿಂದಿನ ದಿನ ಮನೆಯಲ್ಲಿದ್ದ ಹಾಲು, ಮೊಟ್ಟೆ ಖಾಲಿ ಮಾಡಲು ಪ್ಯಾನ್‌ಕೇಕ್ ಹುಯ್ಯುವ ಹಬ್ಬವೊಂದಿದೆ ಎಂಬುದೂ ಅವರಿಗೆ ಹಿಡಿಸಿತು. ತುಟಿಗೆ ಬಣ್ಣ ಬಿದ್ದ ಮೇಲೆ ಪಾತ್ರಧಾರಿಗಳು ತಾವಾಗಿ ತಿನ್ನುವಂತಿಲ್ಲ. ಮೇಷ್ಟ್ರೇ ದಪ್ಪ ದೋಸೆಯನ್ನು ಚಿಕ್ಕಚಿಕ್ಕ ತುಂಡು ಮಾಡಿ ತುಟಿಗೆ ತಾಗದಂತೆ ನಾಲಗೆಯ ಮೇಲೆ ಇಡುತ್ತಿದ್ದರು. ಇನ್ನು ಮೇಲೆ ಅದು ನಮ್ಮ ಹಬ್ಬದ ಪ್ಯಾನ್‌ಕೇಕ್ ಎಂದು ಘೋಷಿಸಿದರು.

ಈಗ ನಾನು ಮೇಷ್ಟ್ರ ಗುಟ್ಟಿಗೆ ಬರುತ್ತೇನೆ.

ಒಂದು ಭಾನುವಾರ ನಮ್ಮ ಶಾಲೆಯಲ್ಲಿ ಬಣ್ಣ ಹಚ್ಚಿ ನೋಡುವ ತಾಲೀಮಿತ್ತು. ಮೇಷ್ಟ್ರು ಟೈಲರ್ ಮುಖಕ್ಕೆ ಕೈ ಹಾಕಿದರು. ನಾನು ನೋಡುತ್ತಿದ್ದ ಹಾಗೆಯೇ ಒಂದು ಕೆನ್ನೆಗೆ ಬೆಳ್ಳಗೆ ಕಾಣಿಸುವ ರೋಸ್ ಬಣ್ಣ, ಇನ್ನೊಂದು ಕೆನ್ನೆಗೆ ಋಷಿಗಳಿಗೆ ಬಳಿಯುವ ಹಳದಿ. ತಮಾಷೆಗೆ ಮಾಡುತ್ತಿದ್ದಾರೆ ಅಂದುಕೊಂಡೆ. ಆದರೆ ಅವರು ಹಿಂದೆ ಸರಿದು, ಕತ್ತು ವಾಲಿಸಿ ಎರಡೂ ಕೆನ್ನೆ ನೋಡಿ, ಸಮಾಧಾನದಿಂದ ಚಾಲು ಎಂದರು. ಸಾಕು ಎನ್ನುವುದಕ್ಕೆ ಅವರ ತೆಲುಗು ಪದ ಅದು. ಮುಖವೊಂದು ಮುಗಿದಾಗಲೆಲ್ಲ ಹಾಗೆನ್ನುವುದು ರೂಢಿ. ಕನ್ನಡಿಯನ್ನು ಕೊನೆಯವರೆಗೆ ಬೋರಲು ಹಾಕಿಡುವುದೂ ಅವರ ರೂಢಿ. ಹಾಗಾಗಿ ಟೈಲರ್‌ಗೆ ಏನೂ ಗೊತ್ತಿಲ್ಲ. ನಾನು ಮಾತಾಡದೆ ಒದ್ದೆ ಬಟ್ಟೆ ತಂದು ಹಳದಿ ಕೆನ್ನೆ ಒರೆಸಿ, ರೋಸ್ ಡಬ್ಬಿ ಅವರ ಕೈಗಿಟ್ಟೆ. ಅವರು ನನ್ನನ್ನೇ ನೋಡಿದರು. ಗೊತ್ತಾಯಿತಲ್ಲ ಎನ್ನುವ ನೋಟ. ಎಲ್ಲರೂ ಚಹಾಕ್ಕೆ ಹೋದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು.

‘ಎರಡು ವರ್ಷ ಆಯ್ತು ಟೀಚರಮ್ಮ. ಎಲ್ಲಾನೂ ಚಾ ಡಿಕಾಕ್ಷನ್‌ನಾಗೆ ಅದ್ದಿ ತೆಗ್ದಂಗೆ ಕಾಣ್ತದೆ. ಪೊರೆ ಅಂತೆ. ಯಾರ್ಗೂ ಅನ್ಬೇಡ. ಬಣ್ಣ ಹಚ್ಚೋನಿಗೆ ಬಣ್ಣ ಕಾಣಲ್ಲ ಅಂತ ಗೊತ್ತಾದ್ರೆ ನಾಲ್ಕು ತಾಲ್ಲೂಕಲ್ಲಿ ಯಾರೂ ನನ್ ಮುಂದೆ ಬಂದು ಕೂರಲ್ಲ.’

ಪೊರೆಯೆಂದರೆ ಈಗ ಅರ್ಧ ದಿನದ ಕೆಲಸ, ತೆಗೆಸಿಬಿಡಿ ಎಂದೆ. ಅವರ ಅಪ್ಪನಿಗೆ ಹಿಂದೆ ಯಾವ ಕಾಲದಲ್ಲೋ ಪೊರೆ ತೆಗೆಸಿ ಇದ್ದ ದೃಷ್ಟಿಯೂ ಹೋಗಿತ್ತಂತೆ. ನನ್ನ ಕೈಗೆ ಈ ಕಣ್ಣಿನ ಅಭ್ಯಾಸವಿದೆ, ಅದನ್ನು ಕೊಯ್ದ ಮೇಲೆ ಬೇರೆಯವರ ಕಣ್ಣು ಹಾಕಿಕೊಂಡ ಹಾಗಾದರೆ ಏನು ಮಾಡಲಿ ಎಂದರು. ಎಪ್ಪತ್ತೆರಡರ ಆ ಮನುಷ್ಯ ಹೆದರಿದ್ದನ್ನು ನಾನು ಕಂಡೆ. ನನಗೆ ಅಳು ಬಂತು, ಅದನ್ನು ಕೆಮ್ಮು ಎಂದು ಸಾಗಿಸಿದೆ.

ಅಂದಿನಿಂದ ನಾನು ಅವರ ಕಣ್ಣು. ಮೇಷ್ಟ್ರಿಗೆ ಡಬ್ಬಿ ಎತ್ತಿಕೊಡುವ ಕೆಲಸ ನನ್ನದು ಎಂದು ಎಲ್ಲರಿಗೂ ಹೇಳಿದೆ. ರೋಸು, ಗೋಧಿ, ಹಳದಿ, ಸರಿಯಾದ ಡಬ್ಬಿ ಸರಿಯಾದ ಹೊತ್ತಿಗೆ ಅವರ ಎಡಗೈಗೆ. ಕೆನ್ನೆಯ ಕೆಂಪು ಹದಕ್ಕೆ ಬಂದಾಗ ನಾನೇ ಚಾಲು ಎನ್ನುವುದು. ಟೀಚರಮ್ಮ ಮೇಷ್ಟ್ರ ಮಾತನ್ನೇ ಕಲಿತಳು ಎಂದು ಜೊತೆಯವರೆಲ್ಲ ನಗುತ್ತಿದ್ದರು. ಅವರ ಕೈ ಮಾತ್ರ ಎಳ್ಳಷ್ಟೂ ತಪ್ಪುತ್ತಿರಲಿಲ್ಲ. ಮೂಗಿನ ಏಣು, ಹುಬ್ಬಿನ ಬಾಗು, ಎಲ್ಲ ಬೆರಳಿಗೇ ಗೊತ್ತು. ಬಣ್ಣ ಒಂದನ್ನು ನಾನು ನೋಡಿಕೊಂಡರೆ ಯಾರಿಗೂ ತಿಳಿಯುವಂತಿರಲಿಲ್ಲ.

ನನ್ನ ಬಣ್ಣದ ವಿಷಯವನ್ನೂ ಇಲ್ಲಿ ಹೇಳಬೇಕು. ನಾನು ಕಪ್ಪು, ಒಳ್ಳೆ ಎಣ್ಣೆಗಪ್ಪು. ನನ್ನ ಮದುವೆಯ ಆಲ್ಬಮ್ಮಿನಲ್ಲಿ ಮುಖ ಒಂದು ಬಣ್ಣ, ಕೈ ಒಂದು ಬಣ್ಣ. ಬ್ಯೂಟಿ ಪಾರ್ಲರಿನವಳು ಅಷ್ಟು ಬಳಿದಿದ್ದಳು. ನಾಟಕದಲ್ಲೂ ನಿಯಮ ಅದೇ. ರಾಜ, ರಾಣಿ, ಮಂತ್ರಿಗಳಿಗೆ ರೋಸ್. ಕಂದು ಬಣ್ಣದ ಡಬ್ಬಿಯೊಂದಿದೆ, ಅದು ಕಳ್ಳರಿಗೆ, ಕಾವಲಿನವರಿಗೆ, ಅದೂ ಅಪರೂಪಕ್ಕೆ. ನಮ್ಮ ದೊರೆಗೆ ರೋಸ್ ಎರಡು ಕೋಟು ಬೀಳಲಿ, ಇವಳಿಗೆ ಒಂದು ಸಾಲದು ಎಂದು ಹೆಡ್ ಮೇಡಂ ಎಲ್ಲರೆದುರೂ ಹೇಳಿದ್ದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಉಪ್ಪು ಸಾಲದು ಎಂದ ಹಾಗೆ ಹೇಳಿದ್ದು. ನಾನೂ ನಕ್ಕಿದ್ದೆ.

ನಾಟಕದ ದಿನ ಬಂತು. ಸಂಜೆ ಆರಕ್ಕೆ ಆಟ, ಮೂರಕ್ಕೇ ಪ್ಯಾನ್‌ಕೇಕು. ಸಭಾಂಗಣದ ಹಿಂದಿನ ಕೋಣೆಯಲ್ಲಿ ಕಿಟಕಿಯ ಬೆಳಕಿಗೆ ಕುರ್ಚಿ ಹಾಕಿದ್ದೆವು. ಹೊರಗೆ ಆಗಲೇ ಸದ್ದು. ನಾಲ್ಕು ತಾಲ್ಲೂಕಿನ ನಾಟಕದ ಸಂಘಗಳವರೂ ಹೆಂಗಸರು ಏನು ಮಾಡುತ್ತಾರೋ ನೋಡೋಣ ಎಂದು ಬಂದಿದ್ದರು. ಅವರೆಲ್ಲ ಮೇಷ್ಟ್ರನ್ನು ಕರೆಸುವವರೇ. ಇವತ್ತೊಂದು ಕೆನ್ನೆ ಹೆಚ್ಚುಕಡಿಮೆಯಾದರೆ ನಾಳೆಗೆ ಅವರ ಕಸುಬು ಮುಗಿಯಿತು. ಪ್ರತಿ ಡಬ್ಬಿಯನ್ನೂ ಬೆಳಕಿಗೆ ಹಿಡಿದು ನೋಡಿ ಕೊಟ್ಟೆ, ಒಂದೂ ತಪ್ಪಲಿಲ್ಲ. ಒಂಬತ್ತು ಮುಖ ಮುಗಿದವು, ಒಂಬತ್ತೂ ಚೆಂದ. ಹೆಡ್ ಮೇಡಂ ಬಾಗಿಲಲ್ಲಿ ಅತಿಥಿಗಳನ್ನು ಮಾತಾಡಿಸುತ್ತಿದ್ದರು. ಕುರ್ಚಿಗೆ ನಾನು ಬಂದೆ.

ಈ ಸಲ ಡಬ್ಬಿ ಎತ್ತಿಕೊಡಬೇಕಾದದ್ದು ನನ್ನ ಮುಖಕ್ಕೇ. ಕೈ ರೋಸ್ ಡಬ್ಬಿಯ ಮೇಲಿತ್ತು. ಅದು ಹೇಗೆ ಪಕ್ಕಕ್ಕೆ ಸರಿಯಿತೋ, ಇವತ್ತಿಗೂ ಸರಿಯಾಗಿ ಹೇಳಲಾರೆ. ಬಿಸಿಲಲ್ಲಿ ಕಲ್ಲು ಹೊತ್ತ ದೊರೆಯ ಮಾತನ್ನು ಮೂರು ತಿಂಗಳಿಂದ ದಿನಾ ಹೇಳಿ ಹೇಳಿ ಅವನು ನನಗೆ ಒಳಗಿನವನಾಗಿಬಿಟ್ಟಿದ್ದ. ನಾನು ಕಂದು ಡಬ್ಬಿಯನ್ನು ಮೇಷ್ಟ್ರ ಕೈಗಿಟ್ಟೆ.

ಅವರು ಸ್ಪಂಜು ತಿಕ್ಕಿದರು. ನಿಲ್ಲಿಸಿದರು. ಹೆಬ್ಬೆರಳಿಂದ ಬಿಲ್ಲೆಯ ನಡುವೆ ನಿಧಾನಕ್ಕೆ ಸವರಿದರು. ರೋಸ್ ಡಬ್ಬಿಗಳೆಲ್ಲ ತಿಕ್ಕಿ ತಿಕ್ಕಿ ನಡುವೆ ಗುಂಡಿ ಬಿದ್ದಿರುತ್ತವೆ. ಇದು ನೆಲದಂತೆ ಮಟ್ಟಸವಾಗಿತ್ತು.

‘ಇದು ಸವೆದೇ ಇಲ್ವಲ್ಲ. ಯಾವ ಡಬ್ಬಿ ಕೊಟ್ಟೆ?’

‘ನನ್ ಬಣ್ಣದ್ದು ಮೇಷ್ಟ್ರೇ.’

ಹೇಳಿದ ಮೇಲೆ ನನಗೆ ದಿಗಿಲಾಯಿತು. ಏನು ಮಾಡಿದೆ ನಾನು? ದೊರೆಗೆ ಕಾವಲಿನವನ 
ಬಣ್ಣ ಬಿದ್ದರೆ ನೋಡಿದವರು ನನ್ನನ್ನು ಅನ್ನುವುದಿಲ್ಲ, ಮೇಷ್ಟ್ರ ಕಣ್ಣು ಹೋಗಿದೆ ಅನ್ನುತ್ತಾರೆ. ಎರಡು ತಿಂಗಳಿಂದ ಕಾಪಾಡಿದ ಗುಟ್ಟನ್ನು ನಾನೇ ಹರಾಜಿಗಿಡುತ್ತಿದ್ದೇನೆ. ಬೇಡ, ರೋಸನ್ನೇ ಹಚ್ಚಿ, ಸುಮ್ಮನೆ ಕೊಟ್ಟೆ ಎಂದು ಡಬ್ಬಿಗೆ ಕೈ ಹಾಕಿದೆ. ಅವರು ಕೊಡಲಿಲ್ಲ. ಎಡಗೈಯನ್ನು ನನ್ನ ಕೆನ್ನೆಯ ಮೇಲಿಟ್ಟರು.

‘ನಲವತ್ತೈದು ವರ್ಷದಾಗೆ ಯಾರೂ ಈ ಡಬ್ಬಿನ ಬಾಯ್ಬಿಟ್ಟು ಕೇಳಿರ್ಲಿಲ್ಲ,’ ಎಂದರು. ‘ಕಣ್ ಮುಚ್ಕೊ.’

ಮುಚ್ಚಿದೆ. ಸ್ಪಂಜು ತಣ್ಣಗೆ ಹಣೆಯಿಂದ ಇಳಿಯಿತು. ಅಷ್ಟು ನಿಧಾನವಾಗಿ ಅವರು ಯಾರ ಮುಖವನ್ನೂ ಮಾಡಿದ್ದಿಲ್ಲ.

ಹುಬ್ಬು ಮುಗಿದು ಮೀಸೆಗೆ ಬರುವಾಗ ಹೆಡ್ ಮೇಡಂ ಒಳಗೆ ಬಂದರು. ಬಂದವರು ನಿಂತಲ್ಲೇ ನಿಂತರು. ಕೋಣೆಯಲ್ಲಿದ್ದ ಎಲ್ಲರೂ ಆಗಲೇ ನನ್ನ ಕಡೆ ತಿರುಗಿದ್ದರು.

‘ಏನ್ ಮೇಷ್ಟ್ರೇ ಇದು? ದೊರೆಗೆ ಹೋಗಿ ಕಾವಲಿನೋನ ಬಣ್ಣ ಬಳ್ದಿದ್ದೀರಲ್ಲ. ಕಣ್ ಕಾಣಲ್ವಾ ನಿಮ್ಗೆ?’

ತಪ್ಪು ನನ್ನದು ಎನ್ನಲು ನಾನು ಬಾಯಿ ತೆರೆದೆ. ಮೀಸೆ ಬರೆಯುತ್ತಿದ್ದ ಕೈ ನನ್ನ ಬಾಯಿಗೆ ಅಡ್ಡ ಬಂತು.

‘ಕಾಣಲ್ಲ ತಾಯಿ,’ ಎಂದರು ಮೇಷ್ಟ್ರು. ‘ಎರಡು ವರ್ಷದಿಂದ ಬಣ್ಣ ಕಾಣಲ್ಲ. ಟೀಚರಮ್ಮ ಡಬ್ಬಿ ಎತ್ಕೊಡ್ತಿತ್ತು, ನಾನು ಹಚ್ತಿದ್ದೆ. ಆದ್ರೆ ಇದೊಂದು ಮುಖ ಗೊತ್ತಿದ್ದೇ ಮಾಡಿದೀನಿ. ತಪ್ಪಿ ಆಗಿದ್ದಲ್ಲ.’

ಅವರು ಸುಳ್ಳು ಹೇಳಬಹುದಿತ್ತು. ಅವಳೇ ಕೇಳಿದಳು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಎರಡೂ ಮಾಡದೆ ನನ್ನ ಮುಖವೊಂದು ತಪ್ಪಲ್ಲ ಎಂದು ಹೇಳುವುದಕ್ಕೋಸ್ಕರ ತಮ್ಮ ಕಸುಬನ್ನೇ ಎದುರಿಗಿಟ್ಟುಬಿಟ್ಟರು. ಮೀಸೆ ಮುಗಿಸಿ ಡಬ್ಬಿಗಳಿಗೆ ಒಂದೊಂದಾಗಿ ಮುಚ್ಚಳ ಹಾಕತೊಡಗಿದರು. ಇನ್ನು ತಮ್ಮನ್ನು ಯಾರೂ ಕರೆಯುವುದಿಲ್ಲ ಎಂದು ಅವರು ತೀರ್ಮಾನಿಸಿಯಾಗಿತ್ತು. ಅತ್ತರೆ ಬಣ್ಣ ಹರಿಯುತ್ತದೆಂದು ತಾರಸಿ ನೋಡುತ್ತ ಕೂತೆ.

ಹೆಡ್ ಮೇಡಂ ನನ್ನ ಗಲ್ಲ ಹಿಡಿದು ಆ ಕಡೆ, ಈ ಕಡೆ ತಿರುಗಿಸಿ ನೋಡಿದರು. ಉತ್ತರಪತ್ರಿಕೆ ತಿದ್ದುವವರ ಹಾಗೆ ಎರಡೆರಡು ಸಲ ನೋಡಿದರು. ನನ್ನನ್ನು ಎಬ್ಬಿಸಿದರು. ಕುರ್ಚಿಯಲ್ಲಿ ತಾವು ಕೂತರು.

‘ಮಗ ಈ ಬಣ್ಣ ಇದ್ಮೇಲೆ ಹೆತ್ತೋಳು ರೋಸ್ ಆಗಕ್ಕಾಗ್ತದಾ? ಆ ಡಬ್ಬೀನೇ ತೆಗೀರಿ. ಕಣ್ಣಿನ ವಿಷ್ಯ ನಾಟಕ ಮುಗಿದ್ಮೇಲೆ ನೋಡಣ.’

ಆಮೇಲೆ ಆದ ಗದ್ದಲ ಹೇಳತೀರದು. ದೊರೆಯ ತಂಗಿಯ ಪಾತ್ರದ ಅಂಗನವಾಡಿಯವರು, ಅಣ್ಣ ಅಮ್ಮ ಒಂದು ಬಣ್ಣ, ನಾನೊಬ್ಬಳು ಬೇರೆ ಮನೆಯವಳೇನು ಎಂದು ಮುಖ ತೊಳೆದುಕೊಂಡು ಬಂದು ನಿಂತರು. ದಂಡನಾಯಕನೂ ಬಿಸಿಲಲ್ಲಿದ್ದವನೇ ತಾನೆ ಎಂದು ಟೈಲರ್ ತಕರಾರು ತೆಗೆದಳು. ಮಂತ್ರಿ ಮಾತ್ರ ಕೂತು ಲೆಕ್ಕ ಬರೆಯುವವನು, ರೋಸ್ ಇರಲಿ ಎಂದು ಡೇರಿಯ ಕಾರ್ಯದರ್ಶಿ ಪಟ್ಟು ಹಿಡಿದರು. ಅಂಥ ಸವೆಯದ ಡಬ್ಬಿ ಒಂದೂವರೆ ತಾಸಿನಲ್ಲಿ ತಳ ಕಂಡಿತು. ಮೇಷ್ಟ್ರು ಹಚ್ಚುತ್ತಲೇ ಹೋದರು. ಮೂಗು ಮಾತ್ರ ಟವೆಲಿನಿಂದ ಆಗಾಗ ಒರೆಸಿಕೊಳ್ಳುತ್ತಿದ್ದರು.

ಪರದೆ ಸರಿದು ನಾನು ರಂಗಕ್ಕೆ ಬಂದೆ. ನನಗೆ ಭಯವಾಗಲಿಲ್ಲ. ಮುಖ, ಕತ್ತು, ಕೈ ಮೂರೂ ಒಂದೇ ಬಣ್ಣದಲ್ಲಿ ಬೆಳಕಿಗೆ ನಿಂತದ್ದು ನಾನು ಅದೇ ಮೊದಲು. ಮೊದಲ ಮಾತು ಹೇಳಿದೆ; ಹೊರಗೆ ಬೈಕು ನಿಲ್ಲಿಸುತ್ತಿದ್ದವರೂ ಒಳಗೆ ಓಡಿಬಂದರಂತೆ. ಏರಿಗೆ ಕಲ್ಲು ಹೊರುವ ದೃಶ್ಯದಲ್ಲಿ ಶಿಡ್ಲಘಟ್ಟದ ಕಡೆಯ ಹಿರಿಯರೊಬ್ಬರು ಎದ್ದು ನಿಂತು ಕೈಮುಗಿದರು. ನನಗಲ್ಲ, ದೊರೆಗೆ. ಅಷ್ಟು ಖುಷಿ ನನಗೆ ಜೀವಮಾನದಲ್ಲಿ ಆಗಿರಲಿಲ್ಲ.

ಮುಂದಿನ ವಾರ ಹೆಡ್ ಮೇಡಂ ಕಾರು ತಂದು ಅಂಗಡಿಯ ಮುಂದೆ ನಿಲ್ಲಿಸಿ, ಬನ್ನಿ ಎಂದರು. ಅಷ್ಟೇ. ಅವರ ಮುಂದೆ ಮೇಷ್ಟ್ರ ಅಪ್ಪನ ಕಥೆ ನಡೆಯಲಿಲ್ಲ. ಕಣ್ಣಾಸ್ಪತ್ರೆಯ ಚೀಟಿಯಲ್ಲೇ ನಾನು ಅವರ ನಿಜವಾದ ಹೆಸರು ಓದಿದ್ದು. ಪಟ್ಟಿ ಬಿಚ್ಚಿದ ದಿನ ಬೆಳಗ್ಗೆ ಪಾಠದ ನಡುವೆ ಫೋನು ಬಂತು. ಕಣ್ಣಿನ ಪ್ಯಾನ್‌ಕೇಕ್ ಇಳೀತು ಟೀಚರಮ್ಮ ಎಂದು ಆ ಕಡೆಯಿಂದ ಮೇಷ್ಟ್ರು. ಆಕಾಶ ಇಷ್ಟು ನೀಲಿಯೇ, ಹುಣಸೆ ಚಿಗುರು ಇಷ್ಟು ಕೆಂಪೇ, ನರ್ಸಮ್ಮನ ಬಟ್ಟೆ ಬಿಳಿ, ನಾನು ಕಾವಿ ಅಂದುಕೊಂಡಿದ್ದೆ ಎಂದು ಒಂದೇ ಸಮ ಹೇಳಿದರು. ಹತ್ತನೇ ತರಗತಿಯ ಮಕ್ಕಳೆಲ್ಲ ಕೇಳಿಸಿಕೊಂಡು ಚಪ್ಪಾಳೆ ತಟ್ಟಿದರು.

ಎರಡು ವರ್ಷದಲ್ಲಿ ತಾವು ಮಾಡಿದ ಮುಖಗಳ ಫೋಟೊಗಳನ್ನು ಊರೂರಿಂದ ತರಿಸಿಕೊಂಡು ನೋಡಿದರು. ವಿದುರಾಶ್ವತ್ಥದ ಹತ್ತಿರದ ಒಂದು ಊರಿನ ರಾಣಿ ಹಸಿರಾಗಿದ್ದಳು. ಕ್ಷಮೆ ಕೇಳಲು ಬಸ್ಸು ಹತ್ತಿ ಹೋದರೆ, ಆ ಊರವರು ಅದನ್ನು ಹೊಸ ಫ್ಯಾಷನ್ ಎಂದುಕೊಂಡು ಪಕ್ಕದ ಊರಿಗೂ ಹೇಳಿದ್ದರಂತೆ. ಅಲ್ಲಿಂದಲೇ ಇನ್ನೊಂದು ಹಸಿರು ರಾಣಿಗೆ ಕರೆ ಬಂದಿತ್ತು. ಕಣ್ಣಿನ ಸುದ್ದಿ ಹಬ್ಬಿದ ಮೇಲೆ ಕೆಲಸ ಕಡಿಮೆಯಾಗಲಿಲ್ಲ. ಮೊಣಕಾಲು ತಡೆಯುವವರೆಗೆ, ಇನ್ನೂ ಒಂದು ವರ್ಷ ಹಚ್ಚಿದರು. ಅಷ್ಟರಲ್ಲಿ ಹೊಸ ಕಂದು ಡಬ್ಬಿ ಮೂರು ಮುಗಿದವು.

ನಮ್ಮ ನಾಟಕದ ಫೋಟೊ ಮಾತ್ರ ನೋಡಿರಲಿಲ್ಲ. ನಾನು ತೋರಿಸಲು ಹೋದಾಗಲೆಲ್ಲ ಆಮೇಲೆ, ಆಮೇಲೆ ಎನ್ನುತ್ತಿದ್ದರು. ಅಂಗಡಿ ಮುಚ್ಚುವ ವಾರ ಹೋದಾಗ ಗೋಡೆಯೆಲ್ಲ ಖಾಲಿ. ಕಿರೀಟಗಳು ಗೋಣಿಚೀಲ ಸೇರಿದ್ದವು. ಈಗ ತೋರಿಸು ಎಂದು ತಾವೇ ಕೈ ಚಾಚಿದರು. ಫೋನಿನಲ್ಲಿ ನನ್ನ ಮುಖ ತೆಗೆದುಕೊಟ್ಟೆ. ಎರಡು ಬೆರಳಿಂದ ದೊಡ್ಡದು ಮಾಡಿ ಹಣೆ ನೋಡಿದರು, ಕೆನ್ನೆ ನೋಡಿದರು, ಕತ್ತಿನವರೆಗೆ ಇಳಿದು ಮತ್ತೆ ಮೇಲೆ ಹೋದರು. ಬಹಳ ಹೊತ್ತಾಯಿತು. ಚೆನ್ನಾಗಿದೆ ಎನ್ನುತ್ತಾರೆಂದು ನಾನು ಮಗುವಿನ ಹಾಗೆ ಕಾದು ಕೂತಿದ್ದೆ.

‘ಕಣ್ಣಿದ್ದಿದ್ರೆ ಈ ಮುಖಾನ ಹಾಳ್ ಮಾಡ್ಬಿಡ್ತಿದ್ದೆ ಕಣಮ್ಮ,’ ಎಂದರು. ‘ನೀನು ಎಷ್ಟು ಕೇಳ್ಕೊಂಡಿದ್ರೂ ರೋಸೇ ಬಳೀತಿದ್ದೆ.’